ಮೂಕಮ್ಮನ ಬಾವಿಕಟ್ಟೆ ಪದ

ನವೆಂಬರ್ 18, 2024, ಸೋಮವಾರ. ಬೆಳಿಗ್ಗೆ 6

ಹತ್ತನೇ ಗ್ರಾಮಫೋನ್ ಪ್ಲೇಟು ತೊಳೆದೆ. ಡಿಸ್ಟಿಲ್ಡ್ ವಾಟರ್, ಒಂದೇ ಹನಿ ಸೋಪು, ಹಳೆ ಪಂಚೆಯ ತುಂಡು. ಲೇಬಲ್ಲಿಗೆ ನೀರು ತಾಗದ ಹಾಗೆ ಹಿಡಿಯುವುದೇ ಕಷ್ಟ. 'ಮಿಸ್ ಮೂಕಮ್ಮ, ಸೊರಬ' — ಅಕ್ಷರ ಮಾಸಿದೆ, ಅಳಿಸಿಲ್ಲ. ಇನ್ನು ನಾಲ್ಕು. ಹತ್ತು ಗಂಟೆಗೆ ಸೆಕೆಂಡ್ ಪಿಯು ಫಿಸಿಕ್ಸ್ ಕ್ಲಾಸು. ಪಾಠದ ತಯಾರಿ ಆಗಿಲ್ಲ.

ಹದಿನಾಲ್ಕೂ ಪ್ಲೇಟು ಹರಿಹರ ವಕೀಲರವು. ಅವರ ತಂದೆ ಕೂಡಿಟ್ಟದ್ದು. ಕಂಪನಿ ನಾಟಕದ ಮೂಕಮ್ಮನ ದನಿ ಉಳಿದಿರುವುದು ಇಷ್ಟರಲ್ಲೇ. ನಾಲ್ಕು ವರ್ಷ ಹುಡುಕಿದ್ದೇನೆ, ಬೇರೆಲ್ಲೂ ಸಿಕ್ಕಿಲ್ಲ. ಜನವರಿ 12ಕ್ಕೆ ಇಲ್ಲೇ ಶಿಕಾರಿಪುರದಲ್ಲಿ ಬಿಡುಗಡೆ. ಸಿಡಿ, ಪೆನ್ ಡ್ರೈವ್, ಜೊತೆಗೊಂದು ಪುಟ್ಟ ಪುಸ್ತಕ.

ಹಾಡುತ್ತಾಳೆ ಅನ್ನಿಸುವುದೇ ಇಲ್ಲ. ಮಾತಾಡುತ್ತ ಮಾತಾಡುತ್ತ ಯಾವಾಗ ರಾಗಕ್ಕೆ ಇಳಿದಳೋ... ಹಿಂದಕ್ಕೆ ಹೋಗಿ ಮೂರು ಸಲ ಕೇಳಿದೆ. ಸಂದು ಸಿಗಲಿಲ್ಲ.

ನವೆಂಬರ್ 20, ಬುಧವಾರ

ಕೊನೆಯ ನಾಲ್ಕೂ ಲ್ಯಾಪ್‌ಟಾಪಿಗೆ ಬಂದವು. ಒಂದು ತೊಡಕು.

ಮೊದಲ ಹತ್ತು ಪ್ಲೇಟಿನಲ್ಲಿ ಅವಳ ಶ್ರುತಿ ಒಂದೇ — ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದು. ಈ ನಾಲ್ಕರಲ್ಲಿ ಒಂದು ಮನೆ ಮೇಲೆ, ಕರಿ ನಾಲ್ಕು. ನಾಲ್ಕೂ 1951ರವು, ಒಂದೇ ದಿನ ಹುಬ್ಬಳ್ಳಿಯಲ್ಲಿ ಮುದ್ರಿಸಿದ್ದು. ಮಾಡಿದ ಸಣ್ಣ ರೆಕಾರ್ಡ್ ಕಂಪನಿ ಎರಡೇ ವರ್ಷಕ್ಕೆ ಮುಚ್ಚಿತು. ಆಗ ಮೂಕಮ್ಮನಿಗೆ ಮೂವತ್ತನಾಲ್ಕು. ವಯಸ್ಸಾದಂತೆ ಶ್ರುತಿ ಇಳಿಯುವುದುಂಟು. ಏರುತ್ತದೆಯೇ?

ಪ್ಲೇಟು ಮುದ್ರಿಸುವಾಗ ಯಂತ್ರ ನಿಧಾನ ತಿರುಗಿದ್ದರೆ, ನಾವು ನುಡಿಸುವಾಗ ಬೇಗ ಓಡುತ್ತದೆ. ಶ್ರುತಿಯೂ ಏರುತ್ತದೆ. ಮಕ್ಕಳಿಗೆ ಪ್ರತಿ ವರ್ಷ ಹೇಳುವ ಪಾಠವೇ. ಆದರೆ ಸಾಕ್ಷಿ ಬೇಕು. ಈ ನಾಲ್ಕರಲ್ಲೇ ಬಾವಿಕಟ್ಟೆ ಪದ ಇದೆ. ಮನೆಯಿಂದ ಹೊರಹಾಕಿದ ಸೊಸೆ ಬಾವಿಕಟ್ಟೆಯ ಮೇಲೆ ಕೂತು ಹಾಡುವುದು. ಎಲ್ಲರೂ ಕೇಳುವುದು ಅದನ್ನೇ. ವಕೀಲರಿಗಂತೂ ಪ್ರಾಣ.

ನವೆಂಬರ್ 24, ಭಾನುವಾರ. ಸಂಜೆ, ಬಸ್ಸಿನಲ್ಲಿ

ಸೊರಬಕ್ಕೆ ಹೋಗಿದ್ದೆ. ಅಕ್ಷರ ಕುಣಿಯುತ್ತಿವೆ, ಇರಲಿ. ಈಗಲೇ ಬರೆಯಬೇಕು.

ಅಕ್ಕನಾಗಮ್ಮ, ಎಂಬತ್ತೊಂಬತ್ತು. ಮೂಕಮ್ಮನ ಕಂಪನಿಯಲ್ಲಿ ತಂಗಿಯ ಪಾತ್ರ ಮಾಡುತ್ತಿದ್ದವರು. ಮಗಳ ಟೈಲರಿಂಗ್ ಅಂಗಡಿಯಲ್ಲಿ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದರು, ಕನ್ನಡಕವಿಲ್ಲದೆ. ಬಾವಿಕಟ್ಟೆ ಪದ ಹಾಕಿದೆ. ಸೂಜಿ ನಿಂತಿತು.

"ಎಂತ ಹುಡುಗಿ ಇದು? ಯಾರು ಹಾಡೋದು?"

"ಮೂಕಮ್ಮನೇ ಅಮ್ಮ."

"ಅಲ್ಲ ತಂಗಿ. ಅಕ್ಕ ಹಿಂಗೆ ಓಡ್ತಿರ್ಲಿಲ್ಲ."

ಲ್ಯಾಪ್‌ಟಾಪಿನಲ್ಲಿ ವೇಗ ಇಳಿಸಿದೆ, ಶ್ರುತಿ ಬಿಳಿ ಐದಕ್ಕೆ ಬರುವ ತನಕ. ಮತ್ತೆ ಹಾಕಿದೆ. ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಎರಡನೇ ಸಾಲು ಮುಗಿಯುವ ಮೊದಲೇ, "ಈಗ ಉಸಿರು ತಗೋತಾಳೆ" ಎಂದರು. ತಗೊಂಡಳು. "ಇಲ್ಲಿ ತಗೊಳಲ್ಲ, ಎಳೀತಾಳೆ." ಎಳೆದಳು. ಮುಗಿಯುವ ತನಕ ಒಂದೂ ತಪ್ಪಲಿಲ್ಲ.

ಆಮೇಲೆ ಹೇಳಿದ್ದು, ಆದಷ್ಟು ಅವರ ಮಾತಲ್ಲೇ: "ಅವತ್ತು ತಾಳ ಹಾಕ್ದವಳು ನಾನೇ. ಪ್ಲೇಟು ಮೂರು ನಿಮಿಷಕ್ಕೆ ತುಂಬಿಬಿಡ್ತದೆ, ಕೊನೇ ಎರಡು ಸಾಲು ಬಿಡಿ, ಇಲ್ಲ ಬೇಗ ಹಾಡಿ ಅಂದ ಮಿಷನ್ನಿನವ. ಅಕ್ಕ ಎದ್ದು ನಿಂತ್ಲು. ಬಾವಿಕಟ್ಟೆ ಮೇಲೆ ಕೂತೋಳಿಗೆ ಎಂತ ಅವಸರ ಅಂದ್ಲು. ಆ ಎರಡು ಸಾಲಿಗಾಗೇ ಉಳಿದದ್ದೆಲ್ಲ ಹಾಡೋದು, ಬಿಡಲ್ಲ ಅಂದ್ಲು. ಅರ್ಧ ದಿನ ಜಗಳ. ಕೊನೆಗೆ ಅವನೇ ಮಿಷನ್ನು ನಿಧಾನ ಮಾಡ್ದ. ಪೂರ್ತಿ ಹಿಡೀತು. ಉಳಿದ ಮೂರೂ ಹಂಗೇ ಆದ್ವು."

ಮೂಕಮ್ಮನಿಗೆ ಗೊತ್ತಾಗಿತ್ತೇ ಎಂದು ಕೇಳಿದೆ.

"ಶಿರಾಳಕೊಪ್ಪದ ಹೋಟ್ಲಲ್ಲಿ ಹಾಕಿದ್ರು, ಜೊತೆಗೆ ಕೂತು ಕೇಳಿದ್ವಿ. ದನಿ ನಂದಲ್ಲ, ಆದ್ರೆ ಹಾಡು ಪೂರ್ತಿ ಇದೆ ಅಂದ್ಲು. ಕಾಫಿ ಕುಡಿದು ಎದ್ಲು."

ಕೊನೆಯ ಎರಡು ಸಾಲು:
ಕೊಡ ತುಂಬಿತು, ಹೊರಿಸುವರಿಲ್ಲ.
ಹೊತ್ತು ಮುಳುಗಿತು, ಕರೆಯುವರಿಲ್ಲ.

ಎಂಥ ಹೆಂಗಸು. ಎರಡು ಸಾಲು ಉಳಿಸಲು ತನ್ನ ದನಿಯನ್ನೇ ಬಿಟ್ಟುಕೊಟ್ಟಳು. ಸರಿಯಾದ ವೇಗದಲ್ಲಿ ಕೇಳಿದರೆ ಅದು ಹುಡುಗಿಯ ಅಳುವಲ್ಲ. ದಣಿದ, ತಿಳಿದ ಹೆಂಗಸು. ಅಳುವುದೇ ಇಲ್ಲ ಅವಳು. ಕೇಳುವವರಿಗೇ...

ನವೆಂಬರ್ 26, ಮಂಗಳವಾರ

ವಕೀಲರ ಮನೆ. ಸರಿಪಡಿಸಿದ್ದನ್ನು ಕೇಳಿಸಿದೆ. ಎಷ್ಟು ಉತ್ಸಾಹದಲ್ಲಿ ಹೋಗಿದ್ದೆ.

ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ತೆರೆಯಲಿಲ್ಲ.

"ಇದು ಮೂಕಮ್ಮ ಅಲ್ರೀ."

ಸೊರಬದ ಕಥೆ ಹೇಳಿದೆ. ಶ್ರುತಿ, ವೇಗ, ಉಸಿರು, ಎಲ್ಲ.

"ನಿಮ್ಮ ಲೆಕ್ಕ ಸರಿ ಇರಬಹುದು. ನಾನು ಆಕಿನ್ನ ಸ್ಟೇಜಿನ ಮ್ಯಾಲೆ ನೋಡ್ಲೇ ಇಲ್ಲ. ಎಂಟು ವರ್ಷದವ್ನಿದ್ದಾಗಿಂದ ಕೇಳಿದ್ದು ಈ ದನೀನ. ಅಪ್ಪ ಹೋದಾಗ ಕೇಳೀನಿ, ಹೆಂಡ್ತಿ ಹೋದಾಗ ಕೇಳೀನಿ. ಈಗ ಬಂದು ಅದು ಸುಳ್ಳು ಅಂದ್ರ..."

"ಸುಳ್ಳು ಅನ್ನಲಿಲ್ಲ ಸರ್."

"ಮತ್ತೇನಂದ್ರಿ?"

ಪ್ಲೇಟು ವಾಪಸ್ ಕೊಡಿ, ಬಿಡುಗಡೆ ಬೇಡ ಎಂದರು. ದನಿ ಏರಿಸಲಿಲ್ಲ. ಹದಿನಾಲ್ಕನ್ನೂ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಕೊಟ್ಟು ಬಂದೆ.

ಡಿಸೆಂಬರ್ 15, ಭಾನುವಾರ

ಹತ್ತೊಂಬತ್ತು ದಿನ ಏನೂ ಬರೆದಿಲ್ಲ. ಪುಸ್ತಕದ ಪ್ರೂಫ್ ಮೇಜಿನ ಮೇಲೆ ಹಾಗೇ ಇದೆ. ಫೈಲು ಲ್ಯಾಪ್‌ಟಾಪಿನಲ್ಲಿವೆ, ನಾನೇ ಬಿಡುಗಡೆ ಮಾಡಬಹುದು ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದರು. ಮಾಡಲಾರೆ. ಒಂದು ಸೀಳೂ ಬೀಳದಂತೆ ಆ ಪ್ಲೇಟುಗಳನ್ನು ಇಷ್ಟು ವರ್ಷ ಕಾಯ್ದವರು ಅವರು. ಹಾಗೆಂದು ವೇಗದ ದನಿಯನ್ನೇ ಹೊರಗೆ ಬಿಡಲೂ ಕೈ ಬಾರದು.

ಅಕ್ಕನಾಗಮ್ಮನಿಗೆ ಫೋನ್ ಮಾಡಿ ಕಾರ್ಯಕ್ರಮ ಇಲ್ಲ ಎಂದೆ. ಯಾಕೆ ಎಂದು ಕೇಳಿದರು. ಹೇಳಿದೆ.

"ಬರೋ ಭಾನುವಾರ ಅಂಗ್ಡಿ ಮುಚ್ಚಿಸ್ತೀನಿ. ಬರ್ತೀನಿ. ಅವ್ರ ಮನೆಗೆ ಕರ್ಕಂಡು ಹೋಗು."

ಡಿಸೆಂಬರ್ 22, ಭಾನುವಾರ. ಮಧ್ಯಾಹ್ನ 3

ಈಗಷ್ಟೇ ಬಂದೆ.

ಅಕ್ಕನಾಗಮ್ಮ ಮಗಳ ಜೊತೆ ಬಸ್ಸಿನಲ್ಲೇ ಬಂದರು. ವಕೀಲರು ಬಾಗಿಲ ತನಕ ಬಂದು ಕರೆದುಕೊಂಡರು, ಒಳ್ಳೆಯ ಕುರ್ಚಿ ಕೊಟ್ಟರು. ಪ್ಲೇಟಿನ ಮಾತು ಎತ್ತಲೇ ಇಲ್ಲ. ಅಕ್ಕನಾಗಮ್ಮನೇ ಕೇಳಿದರು:

"ನೀವು ದಿನಾ ಕೇಳೋದು ಹೆಂಗೋ ಹಂಗೇ ಹಾಕಿ ವಕೀಲ್ರೇ. ಇವ್ಳ ಕಂಪ್ಯೂಟ್ರು ಬ್ಯಾಡ."

ವಕೀಲರು ತಂದೆಯ ಗ್ರಾಮಫೋನಿಗೆ ಕೀಲಿ ಕೊಟ್ಟರು, ಮುಳ್ಳು ಇಟ್ಟರು. ಅವರ ಮೂಕಮ್ಮ ಹಾಡಿದಳು. ಅಕ್ಕನಾಗಮ್ಮನೂ ಜೊತೆಗೆ ಶುರು ಮಾಡಿದರು. ದನಿ ಅಂತ ಉಳಿದಿಲ್ಲ, ಬರೀ ಗಾಳಿ. ಆದರೆ ಲಯ ಗಟ್ಟಿ. ಮೊದಲ ಸಾಲಿಗೇ ಅರ್ಧ ಮಾತು ಹಿಂದೆ ಬಿದ್ದರು. ಎರಡನೆಯದಕ್ಕೆ ಇನ್ನೂ ಹಿಂದೆ. ನಿಲ್ಲಿಸಿದರು.

"ಆಗಲ್ಲ. ಹನ್ನೊಂದು ವರ್ಷ ಅವ್ಳ ಪಕ್ಕ ನಿಂತು ಹಾಡಿದೀನಿ. ಒಂದಿನಾನೂ ನನ್ನ ಹಿಂದೆ ಬಿಟ್ಟು ಹೋದವ್ಳಲ್ಲ."

ದೂರುವ ದನಿಯಲ್ಲಿ ಹೇಳಲಿಲ್ಲ. ನಡೆದದ್ದು ಹೇಳಿದರು, ಅಷ್ಟೇ.

ಪ್ಲೇಟು ಮುಗಿದು ಮುಳ್ಳು ಕೊನೆಯಲ್ಲಿ ಕೆರೆಯುತ್ತಿತ್ತು. ವಕೀಲರು ಎದ್ದರು. ಮುಚ್ಚಿಡುತ್ತಾರೆ ಅಂದುಕೊಂಡೆ. ಬಗ್ಗಿ, ಪಕ್ಕದ ವೇಗದ ಸ್ಕ್ರೂಗೆ ಬೆರಳಿಟ್ಟರು.

"ಅಪ್ಪ ಇಟ್ಟಿದ್ದು. ನಾನು ಮುಟ್ಟಿಲ್ಲ ಇದನ್ನ." ನನ್ನ ಕಡೆ ನೋಡದೆ ಕೇಳಿದರು, "ಯಾವ ಕಡೆ ರೀ?"

"ಎಡಕ್ಕೆ ಸರ್. ಸ್ವಲ್ಪ."

ಮುಳ್ಳನ್ನು ಮತ್ತೆ ಮೊದಲಿಗಿಟ್ಟು, ಹಾಡು ಓಡುತ್ತಿದ್ದಂತೆ ತಿರುಗಿಸಿದರು. ನಾನು ಫೋನಿನಲ್ಲಿ ಶ್ರುತಿ ನೋಡಿ ಸಾಕು ಎನ್ನುವ ಮೊದಲೇ ಅಕ್ಕನಾಗಮ್ಮ "ಬಂದ್ಲು" ಎಂದರು. ಮತ್ತೆ ಮೊದಲಿಂದ. ಈ ಸಲ ಇಬ್ಬರೂ ಕೂಡಿ ಹೋದರು, ಎಲ್ಲೂ ಬಿಡದೆ. ಕೊಡ ತುಂಬಿತು... ವಕೀಲರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ಹೊರಡುವಾಗ ಪ್ಲೇಟಿನ ಪೆಟ್ಟಿಗೆ ನನ್ನ ಕೈಗೆ ಕೊಟ್ಟರು.

"ನಾ ಕೇಳಿದ್ದು ನನ್ನ ಹತ್ರ ಇರ್ತದ. ಹೊರಗ ಆಕಿದೇ ಹೋಗ್ಲಿ."

ಡಿಸೆಂಬರ್ 29, ಭಾನುವಾರ

ಪುಸ್ತಕದಲ್ಲಿ ಒಂದು ಪುಟ ಸೇರಿಸಿದೆ: ಮುದ್ರಣದ ದಿನದ ಜಗಳ, ಅಕ್ಕನಾಗಮ್ಮ ಹೇಳಿದ ಹಾಗೇ. ತಾಳ: ಅಕ್ಕನಾಗಮ್ಮ. ಎಪ್ಪತ್ತಮೂರು ವರ್ಷದ ಮೇಲೆ ಅವರ ಹೆಸರೂ ಅಚ್ಚಾಗುತ್ತಿದೆ. ಫೋನಿನಲ್ಲಿ ಹೇಳಿದರೆ, "ಕಾಗುಣಿತ ಸರಿ ಹಾಕು" ಎಂದರು.

ಜನವರಿ 12, 2025, ಭಾನುವಾರ. ಬೆಳಿಗ್ಗೆ 10.20

ಗ್ರೀನ್ ರೂಮಿನಲ್ಲಿ ಬರೆಯುತ್ತಿದ್ದೇನೆ, ಪರದೆಯ ಸಂದಿನಲ್ಲಿ ಹೊರಗೆ ಕಾಣುತ್ತಿದೆ. ಹಾಲ್ ತುಂಬಿದೆ, ಹೊರಗೂ ನಿಂತಿದ್ದಾರೆ. ಸೊರಬದಿಂದಲೇ ಎರಡು ವ್ಯಾನ್. ಅಕ್ಕನಾಗಮ್ಮ ಹಸಿರು ಇಳಕಲ್ ಸೀರೆಯಲ್ಲಿ ಮುಂದಿನ ಸಾಲಲ್ಲಿ. ಪಕ್ಕದ ಕುರ್ಚಿಯಲ್ಲಿ ವಕೀಲರು, ಏನೋ ಕೇಳುತ್ತಿದ್ದಾರೆ, ಅಕ್ಕನಾಗಮ್ಮ ಕೈಯಾಡಿಸಿ ಹೇಳುತ್ತಿದ್ದಾರೆ. ಮೂಕಮ್ಮ ಸ್ಟೇಜಿಗೆ ಹೇಗೆ ಬರುತ್ತಿದ್ದಳು ಅಂತಲೇ ಇರಬೇಕು.

ಭಾಷಣ ಆಮೇಲೆ, ಮೊದಲು ಹಾಡು — ವಕೀಲರ ತೀರ್ಮಾನ. ಮೈಕಿನವರು ಕರೆಯುತ್ತಿದ್ದಾರೆ. ಫ್ಯಾನು ಆರಿಸಿದರು. ಜನ ಮಾತು ನಿಲ್ಲಿಸಿದರು, ನಾನು ಹೋಗಿ ಬಾವಿಕಟ್ಟೆ ಪದ ಹಾಕಬೇಕು.