ಸೆಲ್ಫಿನ ಬ್ಯಾಟರಿ

ಪೋತ್ನಾಳ,
ಭಾನುವಾರ, ೨೩ ನವೆಂಬರ್ ೨೦೨೫

ಪ್ರೀತಿಯ ಪ್ರಸಾದಣ್ಣಾ,

ನಿನ್ನ ಕೆಮ್ಮು ಹೇಗಿದೆ? ಅಕ್ಕಿ ಮಿಲ್ಲಿನ ಹೊಟ್ಟಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ, ಇಲ್ಲ ಇಲ್ಲಿಯ ಹಾಗೆ ಕೊರಳಿಗೆ ಸುತ್ತಿಕೊಂಡು ತಿರುಗುತ್ತೀಯೋ ಎಂದು ಅವ್ವ ಕೇಳುತ್ತಿದ್ದಾಳೆ. ಅವಳ ಮೊಣಕಾಲು ನೋವು ಇದ್ದ ಹಾಗೇ ಇದೆ. ಸುನಂದಾ ಅತ್ತಿಗೆ ಆರಾಮ ಇದ್ದಾರೆ. ಮಿರ್ಯಾಲಗುಡದಲ್ಲಿ ರೊಟ್ಟಿ ಸಿಗುವುದಿಲ್ಲ ಎಂದಿದ್ದೆಯಲ್ಲ, ಈ ಪತ್ರ ತರುವ ಲಾರಿಯ ಹುಲಗಪ್ಪನ ಕೈಯಲ್ಲಿ ಅವ್ವ ಒಣಗಿಸಿದ ಕಟಿರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದಾಳೆ. ಪತ್ರ ಯಾಕೆ, ಫೋನ್ ಇಲ್ಲವೇ ಅನ್ನಬೇಡ. ಫೋನಿನಲ್ಲಿ ನೀನು ಅರ್ಧ ಮಾತಿಗೇ “ಆತು ಆತು, ಇಡು” ಅನ್ನುತ್ತೀ. ಇದು ಅರ್ಧಕ್ಕೆ ಇಡುವ ಮಾತಲ್ಲ.

ನಿನ್ನ ಬೈಕಿನ ಬ್ಯಾಟರಿ ಪೂರ್ತಿ ಸತ್ತಿತು. ಗುಂಡಿ ಒತ್ತಿ ಎಬ್ಬಿಸುವ ಸೆಲ್ಫ್ ಹೋಗಿ ವರ್ಷದ ಮೇಲಾಗಿತ್ತು, ಈಗ ಹಾರ್ನ್ ಕೂಡ ಗಂಟಲು ಕಟ್ಟಿದ ಕುರಿಯ ಹಾಗೆ ಕೂಗುತ್ತಿತ್ತು. ನಿನಗೆ ಹೇಳಿದಾಗ, “ಸಣ್ಣ ಬ್ಯಾಟ್ರಿ ಹಾಕ್ಸು, ಹಾರ್ನ್ ಬಡದ್ರ ಸಾಕು. ಕಿಕ್ ಹೊಡಿಯಾಕ ನೀ ಅದೀಯಲ್ಲ” ಎಂದೆ. ಹೌದು, ನಾನು ಇದ್ದೇನೆ. ನಿನ್ನ ಗಾಡಿಯ ಕಿಕ್ ಎಂಥದ್ದು ಎಂದು ನಿನಗೆ ಗೊತ್ತು, ಒದ್ದವನನ್ನೇ ತಿರುಗಿ ಒದೆಯುತ್ತದೆ. ಅತ್ತಿಗೆ ಒಮ್ಮೆ ಹೊಡೆಯಲು ಹೋಗಿ ಮೀನಖಂಡ ಕಪ್ಪಾಗಿ ಎಂಟು ದಿನ ಕುಂಟಿದರು. ಅದಕ್ಕೇ ಅವರು ಮಾನ್ವಿಯ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗಬೇಕೆಂದರೆ ನಾನು ಬೇಕು, ಸಂಜೆ ಬರಬೇಕೆಂದರೂ ನಾನೇ ಬೇಕು. ಬಸ್ಸು ಬೇಡ, ಗದ್ದಲ ಇರುತ್ತದೆ ಎಂದು ನೀನು ಮೊದಲೇ ಹೇಳಿಬಿಟ್ಟಿದ್ದೀ.

ಅಣ್ಣಾ, ಬೆಂಚಿನ ಮೇಲೆ ಕೂರಲಾಗದೆ ಕಾಲೇಜು ಬಿಟ್ಟವನು ನಾನು. ಈಗ ಕನ್ನಡಕದ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂರುತ್ತೇನೆ. ನಡುವೆ ಊರಿಗೆ ಬಂದು ಹೋದರೆ ಪೆಟ್ರೋಲ್ ದಂಡ ಎಂದು ಅವ್ವ ಬೈಯುತ್ತಾಳೆ. ಅರ್ಧ ದಿನದ ಕೆಲಸ ಯಾರೂ ಕೊಡುವುದಿಲ್ಲ. ಕಟ್ಟೆಯ ಪಕ್ಕದ ಚಹಾದವನು ನನ್ನನ್ನು “ವಾಚ್‌ಮನ್ ಸಾಹೇಬ್ರು” ಅನ್ನುತ್ತಾನೆ. ಅವನು ನಗುತ್ತಾನೆ, ನಾನೂ ನಗುತ್ತೇನೆ. ಒಳಗೆ ಕೂತ ಅತ್ತಿಗೆಗೆ ಗಾಜಿನಿಂದ ನಾನು ಕಾಣುತ್ತೇನೆ, ನನಗೆ ಅವರು ಕಾಣುತ್ತಾರೆ. ಇಬ್ಬರಲ್ಲಿ ಯಾರು ಯಾರನ್ನು ಕಾಯುತ್ತಿದ್ದೇವೆ ಎಂದು ಎಷ್ಟೋ ಸಲ ಅನಿಸಿದೆ.

ಬ್ಯಾಟರಿ ತರಲು ರಾಯಚೂರಿಗೆ ಅಮೀನಣ್ಣನ ಬ್ಯಾಟರಿ, ವಯರಿಂಗ್ ಅಂಗಡಿಗೆ ಹೋದೆ. ಸಣ್ಣದು, ದೊಡ್ಡದು ಎರಡನ್ನೂ ಮುಂದಿಟ್ಟು, “ಲೇ ಕೊಟ್ರ್ಯಾ, ಗಾಡಿ ಯಾರು ಹೊಡಿತಾರ, ಅದು ಮೊದ್ಲು ಹೇಳು. ಬ್ಯಾಟ್ರಿ ಆಮ್ಯಾಲ” ಎಂದ. ಸಣ್ಣದರಲ್ಲಿ ದೀಪ, ಹಾರ್ನ್ ನಡೆಯುತ್ತವೆ, ಸೆಲ್ಫ್ ಎತ್ತುವ ಶಕ್ತಿ ಇಲ್ಲ. ದೊಡ್ಡದಾದರೆ ಬೆರಳಿನಿಂದ ಒತ್ತಿದರೆ ಸಾಕು. ಎರಡನ್ನೂ ಒಂದೊಂದಾಗಿ ಎತ್ತಿ ನೋಡಿದೆ. ಕೊನೆಗೆ “ನಮ್ಮ ಅತ್ತಿಗಿ ಹೊಡಿತಾರ” ಎಂದುಬಿಟ್ಟೆ. ಅದು ಸುಳ್ಳಲ್ಲ. ದೇವದುರ್ಗದಲ್ಲಿ ತವರಿನಲ್ಲಿದ್ದಾಗ ಅವರಪ್ಪನ ಗಾಡಿಯ ಮೇಲೆ ಮೇವಿನ ಹೊರೆ ತರುತ್ತಿದ್ದವರು ಅವರೇ. ಲೈಸೆನ್ಸೂ ಇದೆ. ನೀನು ಕೇಳಲಿಲ್ಲ, ಅವರು ಹೇಳಲಿಲ್ಲ. ದೊಡ್ಡದನ್ನೇ ತಂದೆ. ಅವರಿಗಾಗಿ ತಂದೆ ಎಂದು ಹೇಳಿ ದೊಡ್ಡವನಾಗುವುದಿಲ್ಲ. ಅರ್ಧ ನನಗಾಗಿಯೇ ತಂದೆ. ವಯರಿಂಗ್ ಕಲಿಯಲು ಬಾ ಎಂದು ಅಮೀನಣ್ಣ ಎರಡು ಸಲ ಕರೆದಿದ್ದಾನೆ.

ತಂದ ಮೇಲೆ ಇನ್ನೊಂದು ಫಜೀತಿ. ಹೊಸ ಬ್ಯಾಟರಿಗೆ ಗೆರೆಯವರೆಗೆ ಆಸಿಡ್ ಹಾಕಿ, ಅರ್ಧ ಗಂಟೆ ಬಿಟ್ಟು, ಆಮೇಲೆ ಹಗಲೆಲ್ಲ ನಿಧಾನವಾಗಿ ಚಾರ್ಜ್ ಮಾಡಬೇಕು. ಅಮೀನಣ್ಣ ಒತ್ತಿ ಹೇಳಿದ್ದ. ಆದರೆ ಗುರುವಾರ ಅಮಾವಾಸ್ಯೆ. ಗಾಡಿಪೂಜೆಯ ಹೊತ್ತಿಗೆ ಅವ್ವ ಹಾರ ಹಿಡಿದು ನಿಂತಿದ್ದಳು, “ಹೊಟ್ಟಿ ಖಾಲಿ ಇದ್ದ ಗಾಡಿಗಿ ಪೂಜಿ ಮಾಡಬಾರ್ದು, ಮೊದ್ಲು ಅದನ್ನ ಕುಂದರ್ಸು” ಎಂದಳು. ಆಸಿಡ್ ಹಾಕಿದವನೇ ಕೂರಿಸಿಬಿಟ್ಟೆ. ಅವ್ವ ಅದಕ್ಕೂ ವಿಭೂತಿ ಎಳೆದು, ನಿಂಬೆಹಣ್ಣು ಇಟ್ಟು, ಕಾಯಿ ಒಡೆದಳು. ಅತ್ತಿಗೆ ಮುಂದೆ ಬಂದು ಸೆಲ್ಫ್ ಒತ್ತಿದರು. ಟಕ್, ಟಕ್. ಅಷ್ಟೇ. “ಹೆಣ್ಮಕ್ಕಳು ಕೈ ಹಚ್ಚಿದ್ರ ಮತ್ತೇನಾಗ್ತದ” ಎಂದು ಅವ್ವ ಎಲ್ಲರೆದುರು ಅಂದಳು. ಅತ್ತಿಗೆ ಕೈ ಹಿಂದೆಗೆದುಕೊಂಡು ಒಳಗೆ ಹೋದರು. ತಪ್ಪು ಕೈಯದಲ್ಲ, ನನ್ನ ಅವಸರದ್ದು ಎಂದು ನಾನು ಕೂಗಿ ಹೇಳಿದೆ. ಅಷ್ಟರಲ್ಲಿ ನೆರೆಯವರೆಲ್ಲ ಕಾಯಿಹೋಳು ತಗೊಂಡು ಹೋಗಿಯಾಗಿತ್ತು.

ಶುಕ್ರವಾರ ಬ್ಯಾಟರಿ ಬಿಚ್ಚಿ, ಇಲ್ಲಿಯ ವೆಲ್ಡಿಂಗ್ ಅಂಗಡಿಯಲ್ಲಿ ಬೆಳಗಿನಿಂದ ಚಾರ್ಜಿಗೆ ಇಟ್ಟು ಪಕ್ಕದಲ್ಲೇ ಕೂತೆ. ಕೂರುವುದಂತೂ ರೂಢಿಯಾಗಿದೆ. ಮರಳಿ ಕೂರಿಸುವಾಗ ತಂತಿ ಕಟ್ಟುವ ಟರ್ಮಿನಲ್ಲಿಗೆ ತುಕ್ಕು ಹಿಡಿಯದಂತೆ ವ್ಯಾಸಲಿನ್ ಹಚ್ಚಿದೆ. ಬ್ಯಾಟರಿಯ ಹಬೆ ಹೊರಹೋಗುವ ಕೊಳವೆ ಮಡಚಿಕೊಳ್ಳದಂತೆ ಚೈನಿನಿಂದ ದೂರ ಇಳಿಬಿಟ್ಟೆ. ಶನಿವಾರ ಬೆಳಿಗ್ಗೆ ಅತ್ತಿಗೆಯನ್ನು ಕರೆದರೆ ಬರಲೊಲ್ಲರು. “ನೀನ ಒತ್ತು, ಮತ್ತ ನನ್ನ ಮ್ಯಾಲ ಬರ್ತದ” ಎಂದರು. ನಾನು ಕೀಲಿ ಕೊಟ್ಟು ದೂರ ನಿಂತೆ. ಒಂದೇ ಒತ್ತಿಗೆ ಎದ್ದಿತು. ಅವರು ಓಡಿಸಿದರು, ನಾನು ಹಿಂದೆ ಕೂತೆ. ಮಾನ್ವಿಯಲ್ಲಿ ಇಳಿಯುವಾಗ, “ಅವರಿಗಿ ಹೇಳಬ್ಯಾಡ ಮೈದ್ನಾ, ನಾನ ಕರಕೊಂಡು ಹೊಂಟೀನಿ ಅನ್ನು” ಎಂದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅದು ನಿಮಗೂ ಗೊತ್ತು ಎಂದೆ. “ನಿನ್ನ ಬಾಯಿಗಿ ಕೀಲಿ ಹಾಕೋರು ಯಾರು” ಎಂದು ನಕ್ಕರು. ನಕ್ಕರೂ ಮುಖದಲ್ಲಿ ಹೆದರಿಕೆ ಇತ್ತು.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಔಷಧಿ ತಪ್ಪಿಸಬೇಡ. ರೊಟ್ಟಿಯ ಡಬ್ಬಿಯನ್ನು ಹುಲಗಪ್ಪನ ಕೈಯಲ್ಲೇ ಮರಳಿ ಕಳಿಸು.

ನಿನ್ನ ತಮ್ಮ,
ಕೊಟ್ರೇಶ

ತಾ.ಕ.: ಹುಲಗಪ್ಪ ಹೊರಗೆ ಹಾರ್ನ್ ಬಡಿಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಸೋಮವಾರ ಆಗಿರುತ್ತದೆ. ಅತ್ತಿಗೆ ಒಬ್ಬರೇ ಮಾನ್ವಿಗೆ ಹೋಗಿರುತ್ತಾರೆ, ನಾನು ಅಮೀನಣ್ಣನ ಅಂಗಡಿಯಲ್ಲಿರುತ್ತೇನೆ. ಗಾಡಿಯ ಕೀಲಿ ಈಗ ಅತ್ತಿಗೆಯ ಕೈಗೆ ಸಿಗುವಂತೆ ಅಡುಗೆಮನೆಯ ಮೊಳೆಗಿದೆ. ನೀನು ಬೇಡ ಎಂದು ಒಂದು ಮಾತು ಅಂದರೆ ಅವ್ವ ಆ ಕೀಲಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ, ನಾನು ಮತ್ತೆ ಆ ಕಟ್ಟೆಗೆ, ಅವರು ಮತ್ತೆ ಆ ಗಾಜಿನ ಹಿಂದಕ್ಕೆ. ದಿನಾ ಸಂಜೆ ನನಗೆ ಫೋನ್ ಮಾಡಿ “ಅತ್ತಿಗೀನ ಮನಿಗಿ ಬಿಟ್ಟಿಯೇನು” ಎಂದು ಕೇಳುತ್ತೀಯಲ್ಲ, ಸೋಮವಾರ ಸಂಜೆ ನನ್ನನ್ನು ಕೇಳಬೇಡ. ಅವರಿಗೇ ಫೋನ್ ಮಾಡು. “ಮನಿಗಿ ಬಂದಿಯೇನು” ಎಂದು ಕೇಳು.