ಪೆಟ್ಟಿಗೆ ನುಂಗಿದ ಕೂಗು

ತಗ್ನಿತ್ ಊರು, ಅಟ್ಲಾಸ್ ಬೆಟ್ಟ
ಮಾರ್ಚ್ ೩

ಪ್ರೀತಿಯ ತಂಗಿ ಬುಶ್ರಾಳಿಗೆ ಇತ್ತೋಳ ಸಲಾಮು,

ನೀನು ಕಳಿಸಿದ ಜೀಪು ಖಾಲಿ ವಾಪಸು ಬರುತ್ತಿದೆ. ಅದಕ್ಕೆ ಡ್ರೈವರ್ ಹಮ್ಮಾದಿಯನ್ನು ಬೈಯಬೇಡ. ಪಾಪ, ಪೆಟ್ಟಿಗೆ ಬಿಚ್ಚುವುದಕ್ಕೆಂದು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಒಳಗೆ ಬಂದ. ಮಗ್ಗಗಳ ಮುಂದಿದ್ದ ಮೂವತ್ತು ಹೆಂಗಸರು ಒಟ್ಟಿಗೇ ತಿರುಗಿ ನೋಡಿದರು. ಬಂದ ದಾರಿಯಲ್ಲೇ ಹೊರಟುಹೋದ. ಈಗ ಹೊರಗೆ ಬಿಸಿಲಲ್ಲಿ ಕೂತು ಮೂರನೇ ಲೋಟ ಪುದೀನ ಚಹಾ ಕುಡಿಯುತ್ತಿದ್ದಾನೆ. ಅವನ ಕೈಯಲ್ಲೇ ಈ ಕಾಗದ ಕೊಟ್ಟು ಕಳಿಸುತ್ತೇನೆ.

ಜನವರಿಯಲ್ಲಿ ನೀನು ಹೋದ ದಿನದ ನಿನ್ನ ಮುಖ ನನ್ನ ಕಣ್ಣಿನಿಂದ ಹೋಗಿಲ್ಲ. ನನ್ನಂಥ ಒಬ್ಬಿಬ್ಬರನ್ನು ಬಿಟ್ಟರೆ ಓದುಬರಹ ಬಾರದವರಿಗೆ, ಫೋನಿನ ಸಿಗ್ನಲ್ ಸಿಗದ ಈ ಕಣಿವೆಗೆ ಅಂತ ಪಟ್ಟಣದವಳಾದ ನೀನು ಎರಡು ವರ್ಷ ತಲೆ ಕೆಡಿಸಿಕೊಂಡು ಊರಿಗೊಂದರಂತೆ ಆ ಮಾತಿನ ಪೆಟ್ಟಿಗೆ ಮಾಡಿದೆ. ಗುಂಡಿ ಒತ್ತಿ ಮಾತಾಡಿದರೆ ಸಾಕು, ಬೆಟ್ಟದ ತಲೆಯ ಮೇಲಿನ ಕಂಬ ಹಿಡಿದು ಐದೂ ಊರಿಗೆ ಕೇಳಿಸುತ್ತದೆ. ಆದರೆ ನಾಲ್ಕು ತಿಂಗಳಲ್ಲಿ ಅದರಲ್ಲಿ ಮಾತಾಡಿದ ಹೆಂಗಸು ಒಬ್ಬಳೂ ಇಲ್ಲ. ಗಂಡಸರು ಕಳಿಸಿದ ಸುದ್ದಿ ಹದಿನಾಲ್ಕು. ಅದರಲ್ಲಿ ಹನ್ನೊಂದು ನಮ್ಮ ಊರ ಹಿರಿಯ ಹದ್ದೂನ ಹೇಸರಗತ್ತೆ ಕಳೆದುಹೋದದ್ದು. ಯಾಕೆ ಯಾರೂ ಬಳಸುತ್ತಿಲ್ಲ ಎಂದು ನೀನು ಕೇಳಿದೆ. ನಾವೆಲ್ಲ ತಲೆಯಾಡಿಸಿ, ಬಹಳ ಒಳ್ಳೆಯ ಪೆಟ್ಟಿಗೆ, ದೇವರು ನಿನಗೆ ಒಳ್ಳೆಯದು ಮಾಡಲಿ ಎಂದೆವು. ನೀನು ಅಳು ನುಂಗಿಕೊಂಡು, ಮಾರ್ಚಿಗೆ ಬಿಚ್ಚಿಸಿ ಬೇರೆ ಕಣಿವೆಗೆ ಕೊಡುತ್ತೇನೆ ಎಂದು ಹೊರಟೆ.

ಈಗ ಬೇಕಾದರೆ ನನ್ನನ್ನು ಬೈದುಕೋ. ಕಾರಣ ನನಗೆ ಮೊದಲ ದಿನದಿಂದ ಗೊತ್ತಿತ್ತು.

ನೀನು ಅದನ್ನು ಹಿರಿಯರ ಸಭೆಯ ಮನೆಯ ಗೋಡೆಗೆ ಹೊಡೆಸಿದೆ. ನನ್ನ ಅಜ್ಜಿಯ ಕಾಲದಿಂದ ಆ ಹೊಸಿಲು ತುಳಿದ ಹೆಂಗಸಿಲ್ಲ. ಸಾಲದ್ದಕ್ಕೆ ಗುಂಡಿ ಒತ್ತಿದ ಕೂಡಲೇ ಪೆಟ್ಟಿಗೆ, ‘ನಿಮ್ಮ ಹೆಸರು ಹೇಳಿ’ ಅನ್ನುತ್ತದೆ. ಯಾವ ಮನೆಯ ಸೊಸೆ ತನ್ನ ಹೆಸರನ್ನು ಐದು ಊರಿನ ಗಂಡಸರ ಕಿವಿಗೆ ಹಾಕುತ್ತಾಳೆ, ಹೇಳು? ಇದನ್ನೆಲ್ಲ ನಾನು ಹೇಳಬಹುದಿತ್ತು. ಹೇಳಲಿಲ್ಲ. ಅದನ್ನು ಹಾಕಿಸಲು ಬಂದಾಗ ಇಪ್ಪತ್ತು ದಿನ ನನ್ನ ಮನೆಯಲ್ಲಿ ಉಂಡು ಮಲಗಿ, ಪೆಟ್ಟಿಗೆ ಎಲ್ಲಿಡಬೇಕು ಅಂತ ಕೇಳುವುದಕ್ಕೆ ಮಾತ್ರ ನೀನು ಹದ್ದೂನ ಹತ್ತಿರ ಹೋದೆ. ಹೋಗಲಿ, ಅನುಭವಿಸಲಿ ಅಂತ ಸುಮ್ಮನಿದ್ದೆ. ಕೆಟ್ಟ ಬುದ್ಧಿ ಕಣೇ. ಒಪ್ಪಿಕೊಳ್ಳುತ್ತೇನೆ.

ನೀನು ಹೋದ ಮರುವಾರ ಗಂಡಸರೆಲ್ಲ ಶುಕ್ರವಾರದ ನಮಾಜಿಗೆ ಹೋಗಿದ್ದಾಗ, ನಾನೂ ಸೂಲಗಿತ್ತಿ ಹಜ್ಜೂ ಅಜ್ಜಿಯೂ ಸೇರಿ ಪೆಟ್ಟಿಗೆಯನ್ನು ಬಿಚ್ಚಿ, ಅದಕ್ಕೆ ಬಿಸಿಲಿನಿಂದ ಕರೆಂಟು ಕೊಡುವ ಹಲಗೆ ಸಮೇತ ನೇಯ್ಗೆ ಕೋಣೆಗೆ ತಂದೆವು. ಸಭೆಯ ಮನೆಯ ಗೋಡೆ ಬೋಳಾಗಿದೆ ಅನ್ನುವುದು ಹಿರಿಯರಿಗೆ ಗೊತ್ತಾದದ್ದು ಒಂಬತ್ತು ದಿನದ ಮೇಲೆ! ಅಷ್ಟರಲ್ಲಿ ಸಂತೆಯಲ್ಲಿ ಕಿವಿಯಿಂದ ಕಿವಿಗೆ ಸುದ್ದಿ ಹೋಗಿ, ಮೇಲಿನ ಇಗ್ರಾನ್ ಊರಿನ ಹೆಂಗಸರೂ ತಮ್ಮದನ್ನು ನೂಲುವ ಕೋಣೆಗೆ ಸಾಗಿಸಿಬಿಟ್ಟಿದ್ದರು. ಮೊದಲ ದಿನ ಪೆಟ್ಟಿಗೆ ಎಂದಿನಂತೆ ಹೆಸರು ಕೇಳಿತು. ಅಜ್ಜಿ, ‘ನಾನು ನಾನೇ ಕಣೋ, ಇನ್ಯಾರು! ನನ್ ದನಿ ಗೊತ್ತಿಲ್ದೋರು ಈ ಕಣಿವೇಲಿ ಯಾರಿದಾರೆ?’ ಎಂದು ಗದರಿಸಿದಳು. ಅದು ಬಾಯಿ ಮುಚ್ಚಿಕೊಂಡು ಕಳಿಸಿತು. ಆಮೇಲೆ ಕೇಳಬೇಕೇ? ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು, ಅಕ್ಕತಂಗಿಯರು, ಬೀಗಿತ್ತಿಯರು, ಎಲ್ಲರೂ ಮಾತಾಡಿದ್ದೇ ಮಾತಾಡಿದ್ದು. ಉಣ್ಣೆಗೆ ಬಣ್ಣ ಹಾಕುವ ಜಗಳವೊಂದು ಮೂರು ದಿನ ನಡೆಯಿತು.

ಫೆಬ್ರವರಿಯಲ್ಲಿ ಹಿಮ ಬಿದ್ದು ಇಗ್ರಾನಿನ ದಾರಿ ಮುಚ್ಚಿತು. ಆಗಲೇ ಒಂದು ಬೆಳಿಗ್ಗೆ ಅಲ್ಲಿಂದ ದನಿ ಬಂತು. ಯಾಮ್ನಾ ಎಂಬ ಹುಡುಗಿಗೆ ಚೊಚ್ಚಲ ಹೆರಿಗೆ ನೋವು, ಮಗುವಿನ ಕಾಲು ಮುಂದೆ ಬಂದಿದೆ, ಅಲ್ಲಿ ಸೂಲಗಿತ್ತಿಯಿಲ್ಲ. ಯಾಮ್ನಾ ನಮ್ಮ ಊರಿನ ಹೆಣ್ಣು. ತಾಯಿಯ ಮಾತು ಮೀರಿ ಇಗ್ರಾನಿನ ಕುರಿಯವನನ್ನು ಮದುವೆಯಾದವಳು. ನಾಲ್ಕು ವರ್ಷದಿಂದ ತಾಯಿಗೂ ಮಗಳಿಗೂ ಮಾತಿಲ್ಲ. ಆ ತಾಯಿಯೂ ಅವತ್ತು ನೇಯ್ಗೆ ಕೋಣೆಯಲ್ಲೇ ಇದ್ದಳು.

ಹಜ್ಜೂ ಅಜ್ಜಿ ಪೆಟ್ಟಿಗೆಯ ಮುಂದೆ ಚಕ್ಕಳಬಕ್ಕಳ ಹಾಕಿ ಕೂತುಬಿಟ್ಟಳು. ‘ಯಾರೂ ಎಳೀಬೇಡಿ! ಅವಳ್ನ ಮಂಡಿ ಊರಿ ಕೂರ್ಸಿ. ಬೆಚ್ಚಗೆ ಹೊದಿಸಿ. ಮಗು ತಾನಾಗೇ ಇಳೀಲಿ’ ಎಂದು ಒಂದೊಂದೇ ಮಾತು ಕಳಿಸಿದಳು. ಅಲ್ಲಿಂದ ಯಾಮ್ನಾಳ ಅತ್ತೆ, ‘ಸೊಂಟದವರೆಗೆ ಬಂತು ಅಜ್ಜಿ, ಕೈಯೆಲ್ಲಿ? ಕೈ ಕಾಣ್ತಿಲ್ವಲ್ಲ!’ ಅನ್ನುವಳು. ಇವಳು ಮತ್ತೆ ಹೇಳುವಳು. ಮಗ್ಗಗಳೆಲ್ಲ ನಿಂತವು. ಕೊನೆಗೆ ಆ ತಾಯಿ ಎಲ್ಲರನ್ನೂ ತಳ್ಳಿಕೊಂಡು ಬಂದು ಗುಂಡಿ ಒತ್ತಿ, ‘ಗಟ್ಟಿಯಾಗಿರು ಮಗಳೇ, ನಾನಿಲ್ಲೇ ಇದ್ದೀನಿ’ ಅಂದಳು. ಅಷ್ಟೇ ಅವಳಿಂದ ಆದದ್ದು.

ಆಮೇಲೆ ಇಗ್ರಾನಿನಿಂದ ಮಾತೇ ಇಲ್ಲ.

ನಿನಗೆ ಗೊತ್ತಿರಲಿಕ್ಕಿಲ್ಲ, ನಮ್ಮಲ್ಲಿ ಮಗು ಹುಟ್ಟಿದ್ದನ್ನು ಮೊದಲು ಬಾಯಿ ಮಾತಲ್ಲಿ ಹೇಳುವುದಿಲ್ಲ, ದೃಷ್ಟಿಯಾಗುತ್ತದೆ. ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಬೇಕು. ಕೇಳಿದವರು ತಿರುಗಿ ಕೂಗಿದ ಮೇಲೆಯೇ ಮಾತು. ನಾವು ಕೂಗಿಗಾಗಿ ಕಾದೆವು. ಪೆಟ್ಟಿಗೆಯ ದೀಪ ಹತ್ತಿತು, ಕರ್ ಅಂತ ಒಂದು ಸದ್ದು, ಅಷ್ಟೇ. ಮತ್ತೆ ಹತ್ತಿತು, ಮತ್ತೆ ಬರೀ ಕರ್. ಮೂರು ಸಲ ಹಾಗೇ ಆಯಿತು. ಕೆಟ್ಟ ಸುದ್ದಿ ಹೇಳುವುದಕ್ಕೆ ಅವರಿಗೆ ಬಾಯಿ ಬರುತ್ತಿಲ್ಲ ಅಂದುಕೊಂಡೆವು. ಯಾಮ್ನಾಳ ತಾಯಿ ಕೆನ್ನೆ ಪರಚಿಕೊಂಡು, ಎದೆ ಬಡಿದುಕೊಂಡು ಗೋಳೋ ಎಂದು ಅತ್ತಳು. ಅವಳನ್ನು ಹಿಡಿಯಲು ನಾಲ್ಕು ಜನ ಬೇಕಾದರು.

ಅಜ್ಜಿಗೆ ಒಮ್ಮೆಲೇ ಏನೋ ಹೊಳೆಯಿತು. ‘ಆ ಪಟ್ಟಣದ ಹುಡುಗಿ ಗಾಳಿ ಸದ್ದನ್ನ ಪೆಟ್ಟಿಗೆ ತಾನೇ ಕತ್ತರಿಸಿ ಬಿಸಾಕತ್ತೆ ಅಂತ ಜಂಭ ಕೊಚ್ಚಿದ್ಳಲ್ರೇ!’ ಎಂದವಳೇ ತಾನೇ ಒಂದು ಹರ್ಷದ ಕೂಗು ಹಾಕಿ, ಅದನ್ನೇ ತಿರುಗಿ ಕೇಳಿಸಿದಳು. ಕರ್! ಅಷ್ಟೇ ಬಂತು. ನಿನ್ನ ಯಂತ್ರ ನಮ್ಮ ಕೂಗನ್ನು ಬೆಟ್ಟದ ಗಾಳಿ ಅಂದುಕೊಂಡು ನುಂಗುತ್ತಿತ್ತು ಕಣೇ ಬುಶ್ರಾ! ಅಜ್ಜಿ ಗುಂಡಿ ಒತ್ತಿ, ‘ದೃಷ್ಟಿ ಆದ್ರೆ ನಾ ತೆಗೀತೀನಿ, ಬಾಯ್ ಬಿಟ್ಟು ಹೇಳ್ರೇ ಇಗ್ರಾನಿನೋರೇ!’ ಎಂದು ಅರಚಿದಳು.

ಅತ್ತೆಯ ದನಿ ಬಂತು. ‘ನಿಮ್ ಕಿವಿಗೇನು ಉಣ್ಣೆ ತುರುಕ್ಕೊಂಡಿದ್ದೀರಾ? ಕೂಗಿ ಕೂಗಿ ನಮ್ ಗಂಟ್ಲು ಹರಿದೋಯ್ತು! ಹೆಣ್ಣು ಮಗು. ತಾಯಿ ಎದ್ದು ಕೂತು ಜವೆಗೋಧಿ ಗಂಜಿ ಕುಡೀತಾವ್ಳೆ. ಉಪ್ಪು ಕಮ್ಮಿ ಅಂತ ನನ್ನನ್ನೇ ಬೈತಾವ್ಳೆ!’

ಆ ಕೋಣೆಯಲ್ಲಿ ಎದ್ದ ಗದ್ದಲವನ್ನು ಹೇಗೆ ಬರೆಯಲಿ? ಅತ್ತೆವು, ನಕ್ಕೆವು, ಕುಣಿದೆವು. ಮೂವತ್ತು ಜನ ಕೂಗಿದ ಕೂಗಿಗೆ ಪೆಟ್ಟಿಗೆಯೇ ಬೇಡವಾಗಿತ್ತು. ಗಂಡಸರು ಏನಾಯಿತೋ ಎಂದು ಬರಿಗಾಲಲ್ಲಿ ಓಡಿ ಬಂದರು.

ಇವತ್ತು ಹಮ್ಮಾದಿಯ ಹಿಂದೆ ಹದ್ದೂ ಬಂದಿದ್ದ. ಹೊಸಿಲಾಚೆ ನಿಂತು, ‘ಕೊಟ್ಬಿಡಿ. ಹೆಂಗಸ್ರ ಹರಟೇಗೆ ಅಂತ ಮಾಡಿದ್ದಲ್ಲ ಅದು’ ಎಂದ. ಅಜ್ಜಿ ನೂಲಿನಿಂದ ತಲೆಯೆತ್ತದೆ, ‘ಹೌದಪ್ಪ. ಕಳೆದೋದ ಹೇಸರಗತ್ತೆ ಸುದ್ದೀನ ಹನ್ನೊಂದು ಸಲ ಕಳಿಸ್ದೆಯಲ್ಲ, ಅದು ಹರಟೆ ಅಲ್ಲ, ಧರ್ಮಬೋಧೆ!’ ಎಂದಳು. ಹೊರಗಿದ್ದ ಗಂಡಸರೇ ಮೊದಲು ನಕ್ಕರು. ಹದ್ದೂನ ಹೆಂಡತಿಯೂ ಮಗ್ಗದ ಹಿಂದಿನಿಂದ, ‘ಅದನ್ನ ತಗೊಂಡೋದ್ರೆ ಇವತ್ತು ಮನೇಲಿ ಒಲೆ ಹಚ್ಚಲ್ಲ ನಾನು’ ಎಂದಳು. ಹದ್ದೂ ಗಡ್ಡ ಕೆರೆದುಕೊಂಡು, ‘ಸಭೆ ಒಪ್ಪಿದೆ ಅಂತ ಬರ್ಕೊಳ್ಳಿ’ ಅಂದುಬಿಟ್ಟ. ಗೆದ್ದೆವು ಕಣೇ. ನೀನೂ ಗೆದ್ದೆ.

ಆದ್ದರಿಂದ ನೀನು ಬಾ. ಹೆಸರು ಕೇಳುವುದನ್ನು ತೆಗೆದುಹಾಕು. ನಮ್ಮ ಕೂಗು ಯಾವುದು, ಗಾಳಿ ಯಾವುದು ಎಂದು ಅದಕ್ಕೆ ಕಲಿಸು. ಎಷ್ಟು ಕೂಗು ಬೇಕೋ ಅಷ್ಟು ಕೂಗಿ ತೋರಿಸುತ್ತೇವೆ. ಬರುವಾಗ ಸಭೆಯ ಮನೆಯ ಕಡೆ ತಿರುಗಿಯೂ ನೋಡಬೇಡ. ನೇರ ನೇಯ್ಗೆ ಕೋಣೆಗೇ ಬಂದುಬಿಡು.

ನಿನ್ನ ಒರಟು ಬಾಯಿಯ ಅಕ್ಕ,
ಇತ್ತೋ

ಮರೆತ ಮಾತು: ನನಗೆ ಮಕ್ಕಳೆಷ್ಟು ಎಂದು ಒಮ್ಮೆ ನೀನು ಕೇಳಿದಾಗ, ಇಲ್ಲ ಎಂದಿದ್ದೆ. ಸುಳ್ಳು ಹೇಳಿದೆ. ಯಾಮ್ನಾ ನನ್ನ ಮಗಳು. ಕೆನ್ನೆ ಪರಚಿಕೊಂಡವಳು ನಾನೇ. ಪೆಟ್ಟಿಗೆ ಎಲ್ಲಿಡಬೇಕು ಎಂದು ನಿನಗೆ ಹೇಳದೆ ಇದ್ದದ್ದು ನಿನ್ನ ಮೇಲಿನ ಸಿಟ್ಟಿಗಷ್ಟೇ ಅಲ್ಲ. ಹೆಂಗಸರು ಪೆಟ್ಟಿಗೆಯಲ್ಲಿ ಮಾತಾಡತೊಡಗಿದರೆ ಅವಳ ದನಿ ನಾನು ಕೇಳಬೇಕಾಗುತ್ತಿತ್ತು. ಅವಳು ಬಸುರಿ ಎಂದು ಸಂತೆಯಲ್ಲಿ ಯಾರೋ ಹೇಳಿದ ಮರುದಿನವೇ ಅದನ್ನು ಬಿಚ್ಚಿ ತಂದೆ. ಹಿಮ ಕರಗುತ್ತಿದೆ, ದಾರಿ ಬಿಟ್ಟ ದಿನವೇ ಮೊಮ್ಮಗಳನ್ನು ನೋಡಲು ಹೊರಡುತ್ತೇನೆ. ನೀನು ಬಂದಾಗ ನಾನು ಊರಲ್ಲಿಲ್ಲದಿದ್ದರೆ ಗುಂಡಿ ಒತ್ತಿ ಕರೆ, ಇಗ್ರಾನಿನಿಂದ ಓಗೊಡುತ್ತೇನೆ.