ಪೊದೆಯ ಹಿಂದಿನ ಸೂರಕ್ಕಿ

ಭಾನುವಾರ, ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮಗಳೇ,

ಹೋದ ತಿಂಗಳು ಮಾತಾಡುತ್ತಿದ್ದವಳು ನೀನು ತಟ್ಟನೆ ಫೋನ್ ಇಟ್ಟುಬಿಟ್ಟೆ. ಅಂದಿನಿಂದ ಸುದ್ದಿಯೇ ಇಲ್ಲ. ನಾನೇನು ತಪ್ಪು ಆಡಿದೆ ಅಂತ ತಲೆ ಕೆರೆದುಕೊಂಡೆ, ಹೊಳೆಯಲಿಲ್ಲ. ನನಗೂ ಸಿಟ್ಟು ಬಂತು, ನಾನೂ ಫೋನ್ ಮಾಡಲಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ.

ಇವತ್ತು ಈ ವಸಂತದ ಮೊದಲ ಹಕ್ಕಿ ನಡಿಗೆ. ಪಾರ್ಕಿನ ಗೇಟಿನ ಹತ್ತಿರ ಜನ ಸೇರಿದ್ದರು, ಎಂದಿನಂತೆ ಕರೆದುಕೊಂಡು ಹೋಗುವವಳು ನಾನೇ. ನನ್ನ ಪದ್ಧತಿ ನಿನಗೆ ಗೊತ್ತಲ್ಲ: ಹೊರಡುವ ಮೊದಲು ಎಲ್ಲರೂ ಕಣ್ಣು ಮುಚ್ಚಿ, ದನಿ ಬಂದ ಕಡೆ ಬೆರಳು ತೋರಿಸಬೇಕು. ಯಾವ ಹಕ್ಕಿ ಅಂತ ನಾನು ಹೇಳಬೇಕು. ಕೋಗಿಲೆಗೆ ಬೆರಳು ಎದ್ದವು, ಹೇಳಿದೆ. ಮರಕುಟಿಗಕ್ಕೆ ಎದ್ದವು, ಹೇಳಿದೆ. ಆಮೇಲೆ ಎಲ್ಲ ಬೆರಳೂ ಕೆಂಪು ಹೂವಿನ ಪೊದೆಯ ಕಡೆ ತಿರುಗಿದವು. ನನಗೇನೂ ಕೇಳಿಸಲಿಲ್ಲ. ಆ ಪೊದೆಗೆ ಪ್ರತಿವರ್ಷ ಮಕರಂದ ಹೀರಲು ಸೂರಕ್ಕಿ ಬರುತ್ತದೆ, ಅದರ ದನಿ ನೂಲಿನಷ್ಟು ಸಣ್ಣದು. ಗತ್ತಿನಿಂದ, ಪೊದೆಯ ಹಿಂದೆ ಸೂರಕ್ಕಿ, ಗಂಡು, ಅಂದುಬಿಟ್ಟೆ.

ಪೊದೆಯ ಮುಂದೆ ನಿಂತಿದ್ದವರು ಒಬ್ಬ ನಿವೃತ್ತ ಬಸ್ ಡ್ರೈವರ್. ಕಣ್ಣು ಬಿಟ್ಟು ನೋಡಿದರೆ ಬೆರಳುಗಳೆಲ್ಲ ತಮ್ಮ ಕಡೆಗೇ ಇವೆ. ಕಿವಿಯಿಂದ ಮೆಷಿನ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಸರಿಯಾಗಿ ಕೂರದಿದ್ದರೆ ಇದು ಸಿಳ್ಳೆ ಹಾಕುತ್ತೆ ಮೇಡಂ, ಗಂಡೋ ಹೆಣ್ಣೋ ನಾನು ನೋಡಿಲ್ಲ, ಅಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಇಂಗು ತಿಂದ ಮಂಗನ ಹಾಗೆ.

ಮುಂದೆ ದಾರಿಯಲ್ಲಿ ನಿಜವಾದ ಸೂರಕ್ಕಿಯೇ ಸಿಕ್ಕಿತು. ದುರ್ಬೀನು ಬೇಡದಷ್ಟು ಹತ್ತಿರ. ಕೊಕ್ಕು ತೆರೆಯುತ್ತಿತ್ತು, ಗಂಟಲು ಅದುರುತ್ತಿತ್ತು, ನನಗೆ ಮಾತ್ರ ಸದ್ದಿಲ್ಲ. ಭಯವಾಯಿತು ಕಣೇ.

ವಾಪಸು ಬರುವಾಗ ಡ್ರೈವರ್ ನನ್ನ ಪಕ್ಕಕ್ಕೆ ಬಂದು, ಕಿವಿಯ ಹತ್ತಿರವೇ ಗಟ್ಟಿಯಾಗಿ ಮಾತಾಡಿದರು. ತಾವೂ ಹೀಗೇ ಕೇಳಿಸದಿದ್ದದ್ದಕ್ಕೆಲ್ಲ ಹೂಂ ಅಂದುಕೊಂಡು ಕಾಲ ತಳ್ಳಿದರಂತೆ. ಕೊನೆಗೆ ಹೆಂಡತಿ ಮಾತೇ ಬಿಟ್ಟರಂತೆ. ಕಿವಿ ಡಾಕ್ಟರ ನಂಬರ್ ಕೊಟ್ಟರು. ಗುರುವಾರ ಹೋಗುತ್ತೇನೆ. ಡಾಕ್ಟರು ಏನನ್ನುತ್ತಾರೋ ನೋಡಿಕೊಂಡು ಮುಂದಿನ ನಡಿಗೆಯ ಮಾತು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಅಂದು ಫೋನಿನಲ್ಲಿ ನೀನು ತುಂಬ ಸಣ್ಣ ದನಿಯಲ್ಲಿ ಏನೋ ಹೇಳಿದೆ. ನಾನು, ಒಳ್ಳೆಯದೇ ಆಯಿತು ಬಿಡು, ಅಂದೆ. ನನಗೆ ಒಂದಕ್ಷರವೂ ಕೇಳಿಸಿರಲಿಲ್ಲ ಮಗಳೇ. ಏನಾಗಿತ್ತು? ಬರೆದು ಕಳಿಸು.